ಕಾರಿಲ್ಲದೆ ಬಾತ್ ಸುತ್ತಲಿನ ಹಳ್ಳಿಗಳು: ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ

ಹೆಚ್ಚಿನವರು ಬಾತ್ ನಗರಕ್ಕೆ ಲಂಡನ್ನಿನಿಂದ ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡುತ್ತಾರೆ. ಅಲ್ಲಿನ ಪ್ಯಾಡಿಂಗ್ಟನ್ ನಿಲ್ದಾಣದಿಂದ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ದಾರಿ, ಹಾಗಾಗಿ ಅದು ಸುಲಭ. ಆದರೆ ಊರಿನ ಹೊರಗಿನ ಹಳ್ಳಿಗಳು ತಪ್ಪಿಹೋಗುತ್ತವೆ. ನಾನು ಮೂರು ರಾತ್ರಿ ಬಾತ್‌ನಲ್ಲೇ ಉಳಿದು ಒಂದು ದಿನ ಊರಿಗೂ ಎರಡು ದಿನ ಹಳ್ಳಿಗಳಿಗೂ ಇಡುತ್ತೇನೆ. ಕಾರು ತೆಗೆದುಕೊಳ್ಳುವುದಿಲ್ಲ. ಊರೊಳಗೆ ಪಾರ್ಕಿಂಗ್ ದುಬಾರಿ, ಹಳ್ಳಿಗಳ ರಸ್ತೆಗಳಲ್ಲಿ ಎದುರಿನಿಂದ ಟ್ರ್ಯಾಕ್ಟರ್ ಬಂದರೆ ಹಿಂದಕ್ಕೆ ಹೋಗಬೇಕಾದವರು ನಾವೇ.

ಊರಿನ ದಿನವನ್ನು ಬೇಗ ಹೇಳಿ ಮುಗಿಸುತ್ತೇನೆ. ರೋಮನ್ ಸ್ನಾನಗೃಹಕ್ಕೆ ಆನ್‌ಲೈನ್‌ನಲ್ಲಿ ಬೆಳಗಿನ ಮೊದಲ ಸಮಯದ ಟಿಕೆಟ್ ಹಿಡಿಯಿರಿ. ಶನಿವಾರ ಭಾನುವಾರ ದರ ಹೆಚ್ಚು, ನೂಕುನುಗ್ಗಲೂ ಹೆಚ್ಚು. ಬಿಸಿಬೇಳೆ ಬಾತಿಗೂ ಈ ಬಾತಿಗೂ ಸಂಬಂಧವಿಲ್ಲ, ಬಿಸಿ ಮಾತ್ರ ನಿಜ: ಬುಗ್ಗೆಯಿಂದ 46 ಡಿಗ್ರಿ ಸೆಲ್ಸಿಯಸ್ ಶಾಖದ ನೀರು ದಿನಕ್ಕೆ 11 ಲಕ್ಷ ಲೀಟರಿಗೂ ಹೆಚ್ಚು ಉಕ್ಕುತ್ತದೆ. ದೊಡ್ಡ ಕೊಳದ ನೀರು ಹಸಿರಾಗಿರುವುದು ಪಾಚಿಯಿಂದ. ರೋಮನ್ನರ ಕಾಲದಲ್ಲಿ ಮೇಲೆ ಛಾವಣಿ ಇತ್ತು, ಈಗ ಬಿಸಿಲು ನೇರವಾಗಿ ಬೀಳುತ್ತದೆ. ಆ ನೀರಿಗೆ ಕೈ ಹಾಕಬಾರದು. ಕುಡಿದು ನೋಡುವ ಆಸೆ ಇದ್ದರೆ ಶುದ್ಧೀಕರಿಸಿದ ನೀರು ಒಳಗೇ ಸಿಗುತ್ತದೆ, ರುಚಿ ಕಬ್ಬಿಣದ ಲೋಟ ನೆಕ್ಕಿದ ಹಾಗೆ. ರಾಯಲ್ ಕ್ರೆಸೆಂಟಿನ 30 ಮನೆಗಳ ಅರ್ಧಚಂದ್ರವನ್ನು ಸಂಜೆಗೆ ಇಟ್ಟುಕೊಳ್ಳಿ, ಇಳಿಬಿಸಿಲು ಬಿದ್ದಾಗ ಅಲ್ಲಿನ ಸುಣ್ಣಕಲ್ಲು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಇನ್ನು ಹಳ್ಳಿಗಳು. ಇಲ್ಲಿ ಸೂತ್ರ ಒಂದೇ: ಹೋಗುವ ಬಸ್ಸನ್ನು ಹುಡುಕುವ ಮೊದಲು ಬರುವ ಕೊನೆಯ ಬಸ್ಸನ್ನು ಹುಡುಕಿ, ಅದರ ಹಿಂದಿನ ಬಸ್ಸನ್ನೇ ನಿಮ್ಮ ಕೊನೆಯ ಬಸ್ಸೆಂದು ತಿಳಿಯಿರಿ. ವಿಲ್ಟ್‌ಶೈರಿನ ಹಳ್ಳಿ ಬಸ್ಸುಗಳು ಸಂಜೆ ಬೇಗ ನಿಲ್ಲುತ್ತವೆ. ಭಾನುವಾರ ಮತ್ತು ಬ್ಯಾಂಕ್ ಹಾಲಿಡೇ ಎಂಬ ಸಾರ್ವಜನಿಕ ರಜೆಗಳಲ್ಲಿ ಕೆಲವು ಮಾರ್ಗಗಳಲ್ಲಿ ಓಡುವುದೇ ಇಲ್ಲ. ಹಾಗಾಗಿ ಹಳ್ಳಿಗಳಿಗೆ ವಾರದ ದಿನಗಳು, ಊರಿಗೆ ಭಾನುವಾರ ಎಂದು ಹಂಚಿಕೊಂಡರೆ, ಸ್ನಾನಗೃಹದ ದುಬಾರಿ ಟಿಕೆಟ್ ಸೇರಿಸಿದರೂ ಒಟ್ಟಿನಲ್ಲಿ ಲಾಭ. ಟಿಕೆಟ್ಟಿನ ಖರ್ಚು ದೊಡ್ಡದಲ್ಲ, 2025ರ ಜನವರಿಯಿಂದ ಇಂಗ್ಲೆಂಡಿನ ಬಹುತೇಕ ಬಸ್ಸುಗಳಲ್ಲಿ ಒಂದು ಪ್ರಯಾಣಕ್ಕೆ 3 ಪೌಂಡ್ ಮಿತಿ ಇದೆ. ಕಾರ್ಡ್ ಮುಟ್ಟಿಸಿದರೆ ಸಾಕು. ಚಾಲಕ ಎಲ್ಲಿಗೆ ಎಂದು ಕೇಳಿದರೆ ಹಳ್ಳಿಯ ಹೆಸರು ಹೇಳಿ, ಅಲ್ಲಿ ಬಂದಾಗ ತಿಳಿಸಲು ಕೇಳಿಕೊಳ್ಳಿ. ಒಳಗೆ ಘೋಷಣೆ ಇದ್ದೇ ಇರುತ್ತದೆ ಎಂದು ನಂಬಬೇಡಿ. ನಿಲ್ದಾಣದಲ್ಲಿ ಸುಮ್ಮನೆ ನಿಂತರೆ ಬಸ್ಸು ನಿಲ್ಲದೆ ಹೋದೀತು, ಕೈ ಅಡ್ಡ ಹಿಡಿಯಬೇಕು.

ಮೊದಲ ದಿನಕ್ಕೆ ಕೀಲಿ ಚಿಪ್ಪೆನಮ್. ಬಾತ್ ಸ್ಪಾ ನಿಲ್ದಾಣದಿಂದ ಲಂಡನ್ ಕಡೆಯ ರೈಲಿನಲ್ಲಿ ಹನ್ನೆರಡು ಹದಿಮೂರು ನಿಮಿಷ. ನಡುವೆ 1841ರಲ್ಲಿ ತೆರೆದ, ಎಂಜಿನಿಯರ್ ಬ್ರೂನೆಲ್‌ನ ಬಾಕ್ಸ್ ಸುರಂಗ ಬರುತ್ತದೆ, ಸುಮಾರು 3 ಕಿಲೋಮೀಟರ್ ಕತ್ತಲೆ. ಚಿಪ್ಪೆನಮ್‌ನಿಂದ ದಕ್ಷಿಣಕ್ಕೆ ಐದಾರು ಕಿಲೋಮೀಟರಿನಲ್ಲಿ ಲೇಕಾಕ್, ವಾಯವ್ಯಕ್ಕೆ ಸುಮಾರು ಹತ್ತು ಕಿಲೋಮೀಟರಿನಲ್ಲಿ ಕಾಸಲ್ ಕೂಮ್. ಈ ಎರಡು ಹಳ್ಳಿಗಳ ನಡುವೆ ನೇರ ಬಸ್ಸು ಇಲ್ಲ, ಚಿಪ್ಪೆನಮ್‌ಗೇ ವಾಪಸ್ಸು ಬರಬೇಕು. ಬಸ್ಸು ಕಡಿಮೆ ಇರುವುದು ಕಾಸಲ್ ಕೂಮ್‌ಗೆ, ಆದ್ದರಿಂದ ಮೊದಲು ಅದನ್ನು ಮುಗಿಸಿ. ಬಸ್ಸು ಹೊಂದದಿದ್ದರೆ ಅಲ್ಲಿಗೆ ಮಾತ್ರ ಟ್ಯಾಕ್ಸಿ ಮಾಡಿ. ನಾಲ್ವರಿದ್ದರೆ ಹಗುರವಾಗುತ್ತದೆ, ಆದರೆ ಹಿಂದಿರುಗುವ ಟ್ಯಾಕ್ಸಿಯನ್ನು ಹೊರಡುವ ಮೊದಲೇ ಗೊತ್ತುಮಾಡಿ. ಕಣಿವೆಯೊಳಗೆ ಮೊಬೈಲ್ ಸಿಗ್ನಲ್ ಕೈಕೊಡುತ್ತದೆ.

ಕಾಸಲ್ ಕೂಮ್ ನಿಜಕ್ಕೂ ಒಂದೇ ಬೀದಿ. ನೇಕಾರರ ಮನೆಗಳು, ಹದಿನಾಲ್ಕನೇ ಶತಮಾನದ ಸಂತೆ ಮಂಟಪ, ಮುಖವಿಲ್ಲದ ಹಳೆಯ ಗಡಿಯಾರವಿರುವ ಚರ್ಚು, ಕೆಳಗೆ ಬೈಬ್ರೂಕ್ ಹಳ್ಳ. ಒಂದು ಗಂಟೆ ಧಾರಾಳವಾಗಿ ಸಾಕು. ಎಲ್ಲರೂ ತೆಗೆಯುವ ಫೋಟೋ ಸೇತುವೆಯ ಆಚೆ ಬದಿಯಿಂದ, ಬೆಳಿಗ್ಗೆ ಹತ್ತರೊಳಗೆ ಹೋದರೆ ಜನ ಅಡ್ಡ ಬರುವುದಿಲ್ಲ. ಇಲ್ಲಿ ಎಡವುವುದು ಎರಡು ವಿಷಯದಲ್ಲಿ. ಮೊದಲನೆಯದು ಇಳಿಜಾರು: ಕಾರಿನಲ್ಲಿ ಬಂದವರು ಗುಡ್ಡದ ಮೇಲೆಯೇ ನಿಲ್ಲಿಸಿ ಇಳಿಯಬೇಕು, ಅಂದರೆ ಹತ್ತಲೂಬೇಕು. ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಟ್ಯಾಕ್ಸಿಯನ್ನು ಸಂತೆ ಮಂಟಪದವರೆಗೂ ಬರಹೇಳಿ. ಎರಡನೆಯದು ಸದ್ದು. ಹಳ್ಳಿಯ ಪಕ್ಕದ ಹಳೆಯ ವಿಮಾನನೆಲೆಯಲ್ಲಿ 1950ರಿಂದ ಕಾರ್ ರೇಸ್ ಸರ್ಕಿಟ್ ಇದೆ, ರೇಸಿನ ದಿನ ಆ ಶಾಂತ ಕಣಿವೆಯಲ್ಲಿ ಎಂಜಿನ್ನುಗಳೇ ಕೇಳಿಸುತ್ತವೆ. ದಿನ ಗೊತ್ತುಮಾಡುವ ಮೊದಲು ಸರ್ಕಿಟ್ಟಿನ ಕ್ಯಾಲೆಂಡರ್ ನೋಡಿ. ಮನೆಗಳಲ್ಲಿ ಜನ ವಾಸವಿದ್ದಾರೆ, ಕಿಟಕಿಗೆ ಮುಖ ಒತ್ತಿ ಇಣುಕಬಾರದು ಎಂದು ಹೇಳಬೇಕಾಗಿರುವುದೇ ಬೇಸರ.

ಲೇಕಾಕ್‌ಗೆ ಮಾತ್ರ ಮಧ್ಯಾಹ್ನ ಪೂರ್ತಿ ಬೇಕು. ಇಲ್ಲಿನ ಅಬ್ಬಿ, ಅಂದರೆ ಹಿಂದೆ ಕ್ರೈಸ್ತ ಸನ್ಯಾಸಿನಿಯರ ಮಠವಾಗಿದ್ದ ಕಟ್ಟಡವನ್ನೂ ಹಳ್ಳಿಯನ್ನೂ ಅದರ ಒಡತಿ ಮಟಿಲ್ಡಾ ಟಾಲ್ಬಟ್ 1944ರಲ್ಲಿ ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಕೊಟ್ಟರು. ಬಹುತೇಕ ಮನೆಗಳು ಟ್ರಸ್ಟಿನವೇ, ಒಳಗಿರುವವರು ಬಾಡಿಗೆದಾರರು. ಬೀದಿಗಳು ಹಳೆಯ ರೂಪದಲ್ಲೇ ಉಳಿದಿರುವುದಕ್ಕೆ ಇದೇ ಕಾರಣ, ಸಿನಿಮಾದವರು ಪದೇ ಪದೇ ಬರುವುದಕ್ಕೂ ಇದೇ ಕಾರಣ. ಚಿತ್ರೀಕರಣವಿದ್ದರೆ ಕೆಲವು ಬೀದಿ ಮುಚ್ಚುತ್ತಾರೆ, ಹಿಂದಿನ ದಿನ ಟ್ರಸ್ಟಿನ ಪುಟ ನೋಡಿಕೊಳ್ಳಿ. ಹಳ್ಳಿ ಸುತ್ತಲು ಟಿಕೆಟ್ ಬೇಡ, ಅಬ್ಬಿಗೆ ಮತ್ತು ಅಲ್ಲಿನ ಛಾಯಾಗ್ರಹಣ ಮ್ಯೂಸಿಯಮ್ಮಿಗೆ ಬೇಕು. ಅಬ್ಬಿಯ ಅಂಗಳದ ಸುತ್ತಿನ ಕಲ್ಲುಕಮಾನಿನ ಮೊಗಸಾಲೆಯೂ ಮೇಲಿನ ಕೋಣೆಗಳೂ ಒಂದೇ ಹೊತ್ತಿಗೆ ಮುಚ್ಚುವುದಿಲ್ಲ, ಕೋಣೆಗಳು ಬೇಗ ಮುಚ್ಚಬಹುದು. ಮೊದಲು ಮೇಲಕ್ಕೆ ಹೋಗಿ.

ಏಕೆಂದರೆ ನೋಡಬೇಕಾದದ್ದು ಮೇಲಿದೆ. ದಕ್ಷಿಣದ ಗ್ಯಾಲರಿಯಲ್ಲಿ ಹೊರಕ್ಕೆ ಚಾಚಿದ ಒಂದು ಸಾಧಾರಣ ಕಿಟಕಿ. ವಿಲಿಯಮ್ ಹೆನ್ರಿ ಫಾಕ್ಸ್ ಟಾಲ್ಬಟ್ 1835ರ ಆಗಸ್ಟಿನಲ್ಲಿ ಉಪ್ಪು ಮತ್ತು ಬೆಳ್ಳಿಯ ಲವಣ ಸವರಿದ ಕಾಗದವನ್ನು ಪುಟ್ಟ ಮರದ ಪೆಟ್ಟಿಗೆಯಲ್ಲಿಟ್ಟು ಇದರ ಚಿತ್ರ ಹಿಡಿದ. ಇಂದಿಗೂ ಉಳಿದಿರುವ ಅತ್ಯಂತ ಹಳೆಯ ಛಾಯಾಚಿತ್ರ ನೆಗೆಟಿವ್ ಅದೇ. ಅವನ ಹೆಂಡತಿ ಕಾನ್‌ಸ್ಟನ್ಸ್ ಆ ಪೆಟ್ಟಿಗೆಗಳನ್ನು ಇಲಿಬೋನು ಎನ್ನುತ್ತಿದ್ದಳು. ಕಿಟಕಿಯ ಸುಮಾರು 200 ಗಾಜಿನ ಚೌಕಗಳನ್ನು ಮಸೂರ ಹಿಡಿದು ಎಣಿಸಬಹುದೆಂದು ಅವನೇ ಬರೆದಿಟ್ಟಿದ್ದಾನೆ. ಆತ ಮುಂದೆ ರೂಪಿಸಿದ ಕಾಗದದ ನೆಗೆಟಿವ್ ಕ್ರಮವೇ ಸುಧಾರಣೆಗೊಂಡು ನಮ್ಮ ಕಡೆಗೂ ಬಂತು: 1854ರಲ್ಲಿ ಕಂಪನಿ ಸೇನೆಯ ಅಧಿಕಾರಿ ಲಿನೇಯಸ್ ಟ್ರೈಪ್ ಹಳೇಬೀಡಿನ ದೇವಾಲಯವನ್ನು ಕಾಗದದ ನೆಗೆಟಿವ್‌ನಲ್ಲೇ ಹಿಡಿದದ್ದು. ಈ ಕಿಟಕಿಯ ಫೋಟೋ ಫೋನಿನಲ್ಲಿ ಸರಿಯಾಗಿ ಬರಬೇಕಾದರೆ ಪರದೆಯ ಮೇಲೆ ಗಾಜನ್ನು ಒತ್ತಿ ಹಿಡಿದು ಬೆಳಕನ್ನು ಲಾಕ್ ಮಾಡಿ, ಸ್ವಲ್ಪ ಕೆಳಕ್ಕೆ ಎಳೆಯಿರಿ. ಇಲ್ಲದಿದ್ದರೆ ಚೌಕಗಳೆಲ್ಲ ಬೆಳ್ಳಗೆ ಕರಗಿಹೋಗುತ್ತವೆ. ಮೂಲ ನೆಗೆಟಿವ್ ಇಲ್ಲಿಲ್ಲ.

ಊಟದ ವಿಷಯ. ಹಳ್ಳಿಯ ಪಬ್ಬುಗಳಲ್ಲಿ ಅಡುಗೆಮನೆ ಎರಡು, ಎರಡೂವರೆಗೆ ಮುಚ್ಚುವುದು ಸಾಮಾನ್ಯ, ಬಾಗಿಲು ತೆರೆದಿದ್ದರೂ ಊಟ ಸಿಗಲಿಕ್ಕಿಲ್ಲ. ಸಸ್ಯಾಹಾರಿಗಳಿಗೆ ಸೂಪು, ಚೀಸ್ ಸ್ಯಾಂಡ್‌ವಿಚ್ ಖಾತ್ರಿ. ಬಾತ್‌ನ ಹೆಸರಾಂತ ಬನ್ನುಗಳಲ್ಲಿ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ತಿನ್ನದವರು ಕೇಳಿ ತೆಗೆದುಕೊಳ್ಳಿ. ನಾನು ಚಿತ್ರಾನ್ನ ಕಟ್ಟಿಕೊಳ್ಳುತ್ತೇನೆ, ಮಳೆ ಬಂದರೆ ಬಸ್ ನಿಲ್ದಾಣದ ಸೂರಿನ ಕೆಳಗೂ ತಿನ್ನಬಹುದು.

ಎರಡನೆಯ ದಿನ ಬ್ರಾಡ್‌ಫರ್ಡ್-ಆನ್-ಏವನ್, ಇದು ಸುಲಭ, ರೈಲಿನಲ್ಲಿ ಕಾಲು ಗಂಟೆ. ಟಿಕೆಟ್ ಕೊಳ್ಳುವಾಗ ಪೂರ್ತಿ ಹೆಸರು ನೋಡಿ, ಬರೀ ಬ್ರಾಡ್‌ಫರ್ಡ್ ಎಂದರೆ ಯಾರ್ಕ್‌ಶೈರಿನ ದೊಡ್ಡ ನಗರ. ನಿಲ್ದಾಣದಿಂದ ಹತ್ತು ನಿಮಿಷದ ನಡಿಗೆಯಲ್ಲಿ ಹದಿನಾಲ್ಕನೇ ಶತಮಾನದ ದಾಸ್ತಾನು ಕಣಜ: 51 ಮೀಟರ್ ಉದ್ದ, ಕಲ್ಲುಹೆಂಚಿನ ಭಾರವನ್ನು ಹೊತ್ತ ಮರದ ತೊಲೆಗಳು. ಪ್ರವೇಶ ಉಚಿತ. ಒಳಗೆ ಕತ್ತಲು, ಎರಡು ನಿಮಿಷ ಕಣ್ಣು ಹೊಂದಲು ಬಿಡಿ. ಹೊಳೆಯಾಚೆ ಸೇಂಟ್ ಲಾರೆನ್ಸ್ ಎಂಬ ಸ್ಯಾಕ್ಸನ್ ಕಾಲದ ಪುಟ್ಟ ಚರ್ಚು. ಶಾಲೆಯಾಗಿ, ಮನೆಯಾಗಿ ಬಳಕೆಯಲ್ಲಿದ್ದ ಆ ಕಟ್ಟಡ ಚರ್ಚೆಂಬುದನ್ನು 1856ರಲ್ಲಿ ಆ ಊರಿನ ಪಾದ್ರಿಯೇ ಗುರುತಿಸಿದ್ದು.

ಅಲ್ಲಿಂದ ಕಾಲುವೆ ದಂಡೆಯಲ್ಲಿ ಏವನ್‌ಕ್ಲಿಫ್‌ಗೆ ಎರಡೂವರೆ ಕಿಲೋಮೀಟರು, ಸಮತಟ್ಟು. ಅಲ್ಲಿ ಎಂಜಿನಿಯರ್ ಜಾನ್ ರೆನ್ನಿ ಕಟ್ಟಿದ ಸೇತುವೆಯ ಮೇಲೆ ಕಾಲುವೆ, ಕೆಳಗೆ ಹೊಳೆಯೂ ರೈಲುದಾರಿಯೂ. ಹಿಂದಿನಿಂದ ಸೈಕಲ್ ಗಂಟೆ ಕೇಳಿದರೆ ಒಂದೇ ಬದಿಗೆ ಸರಿಯಿರಿ, ಇಬ್ಬರು ಎರಡು ಬದಿಗೆ ಓಡಿದರೆ ಒಬ್ಬರು ನೀರಿಗೆ. ಏವನ್‌ಕ್ಲಿಫ್ ನಿಲ್ದಾಣದಿಂದಲೇ ಬಾತ್‌ಗೆ ರೈಲು ಹತ್ತಬಹುದು, ಆದರೆ ಅದು ಕೈ ತೋರಿಸಿದರಷ್ಟೇ ನಿಲ್ಲುವ ನಿಲ್ದಾಣ. ಪ್ಲಾಟ್‌ಫಾರ್ಮ್ ತೀರಾ ಗಿಡ್ಡ, ಎಲ್ಲ ಬಾಗಿಲೂ ತೆರೆಯುವುದಿಲ್ಲ. ಬಾತ್ ಕಡೆಯ ಬದಿಯಲ್ಲಿ ನಿಂತಿದ್ದೀರಾ ಎಂದು ಖಚಿತಪಡಿಸಿಕೊಂಡು, ರೈಲು ಕಣ್ಣಿಗೆ ಬಿದ್ದ ಕೂಡಲೇ ಕೈ ಎತ್ತಿ, ಅದು ನಿಧಾನವಾಗುವವರೆಗೂ ಇಳಿಸಬೇಡಿ.