ಕೆಲಸಗಾರರ ದಾಖಲೆ ಪರಿಶೀಲನೆ: ಮಾಲೀಕರು ಮಾಡಬೇಕಾದದ್ದು ಹೇಗೆ?

ತೊಗರಿ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಬಂದರೆ ಕಲಬುರಗಿಯ ದಾಲ್ ಮಿಲ್‌ಗಳಿಗೆ ಒಮ್ಮೆಲೇ ಜನ ಬೇಕಾಗುತ್ತಾರೆ. ಶಹಾಬಾದಿನ ಕಲ್ಲು ಗಣಿ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶ, ಬೀದರ್ ಕಡೆಯ ಸಕ್ಕರೆ ಕಾರ್ಖಾನೆಗಳಲ್ಲೂ ಹೀಗೇ. ಗುತ್ತೇದಾರರು ಜನರನ್ನು ಕರೆತರುತ್ತಾರೆ, ಆಫೀಸಿನವರು ಆಧಾರ್ ಜೆರಾಕ್ಸ್ ತೆಗೆದು ಫೈಲಿಗೆ ಸೇರಿಸುತ್ತಾರೆ. ಕಾರ್ಡಿನ ಫೋಟೊ ಎದುರಿಗೆ ನಿಂತವರದ್ದೇನಾ ಅಂತ ಕೂಡ ಎಷ್ಟೋ ಕಡೆ ನೋಡುವುದಿಲ್ಲ. ಇದರ ಪೆಟ್ಟು ವರ್ಷಗಳ ನಂತರ ಪಿಎಫ್ (ಭವಿಷ್ಯ ನಿಧಿ) ಹಣ ಬಿಡಿಸಿಕೊಳ್ಳಲು ಹೋದ ಕೆಲಸಗಾರರ ಮೇಲೆ ಬೀಳುತ್ತದೆ. ತಪಾಸಣೆ ಬಂದ ದಿನ ಮಾಲೀಕರ ಮೇಲೂ ಬೀಳುತ್ತದೆ.

ಕೇಳುವುದು ಕಡಿಮೆ ಇರಲಿ

ನಿಮಗೆ ತಿಳಿಯಬೇಕಾದದ್ದು ಮೂರೇ ವಿಷಯ. ಇವರು ಯಾರು, ವಯಸ್ಸು ಎಷ್ಟು, ಪಗಾರ ಯಾವ ಖಾತೆಗೆ ಹೋಗಬೇಕು. ಅಷ್ಟಕ್ಕೆ ಬೇಕಾದ ದಾಖಲೆ ಸಾಕು. ರೇಷನ್ ಕಾರ್ಡ್, ಜಾತಿ ಪ್ರಮಾಣಪತ್ರ ಅಂತ ಸುಮ್ನೆ ಎಲ್ಲ ತರಿಸಬೇಡಿ. ತರಿಸಿಕೊಂಡ ಪ್ರತಿ ಕಾಗದವನ್ನೂ ಜೋಪಾನ ಮಾಡುವ ಹೊಣೆ ನಿಮ್ಮದೇ.

ಗುರುತು ನೋಡುವುದು

ಆಧಾರ್ ತೋರಿಸಿದರೆ, ಅವರ ಒಪ್ಪಿಗೆ ಕೇಳಿ, ಕ್ಯೂಆರ್ ಕೋಡನ್ನು ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ. ಪರದೆ ಮೇಲೆ ಬರುವ ಹೆಸರು ಮತ್ತು ಫೋಟೊ ಕಾರ್ಡಿಗೂ ಹೊಂದಬೇಕು, ಎದುರಿಗೆ ನಿಂತವರಿಗೂ ಹೊಂದಬೇಕು. ತಿದ್ದಿ ಲ್ಯಾಮಿನೇಷನ್ ಮಾಡಿಸಿದ ಕಾರ್ಡು ಇಲ್ಲೇ ಸಿಕ್ಕಿಬೀಳುತ್ತದೆ.

ಖಾಸಗಿಯವರು ಆಧಾರ್ ದೃಢೀಕರಣ (ನಂಬರನ್ನು ಪ್ರಾಧಿಕಾರಕ್ಕೆ ಕಳಿಸಿ ತಾಳೆ ನೋಡುವುದು) ಬಳಸುವ ದಾರಿಯನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರ ತೀರ್ಪಿನಲ್ಲಿ ಮುಚ್ಚಿತು. 2019ರ ತಿದ್ದುಪಡಿ ಬಂದ ಮೇಲೆ, ವ್ಯಕ್ತಿ ತಾನಾಗಿ ಒಪ್ಪಿದರೆ ಈ ರೀತಿಯ ಆಫ್‌ಲೈನ್ ಪರಿಶೀಲನೆ ಮಾಡಬಹುದು. ಆದರೆ ಹೀಗೆ ಪರಿಶೀಲಿಸಿದವರು 12 ಅಂಕಿಯ ನಂಬರ್ ಬರೆದಿಟ್ಟುಕೊಳ್ಳುವಂತಿಲ್ಲ. ಹಾಜರಿ ಪುಸ್ತಕದಲ್ಲಿ ಎಲ್ಲರ ಆಧಾರ್ ನಂಬರ್ ಬರೆದು ಮೇಜಿನ ಮೇಲೆ ತೆರೆದಿಡುವ ರೂಢಿಯನ್ನು ಇವತ್ತೇ ನಿಲ್ಲಿಸಿ. ಪ್ರತಿ ಬೇಕಾದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೆಗೆದುಕೊಳ್ಳಿ. ಪಿಎಫ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ನೋಂದಣಿಯ ಮಾತು ಬೇರೆ. ಅಲ್ಲಿ ಕಾನೂನೇ ಆಧಾರ್ ಕೇಳುತ್ತದೆ. ನಂಬರ್ ನೇರವಾಗಿ ಸರ್ಕಾರಿ ಪೋರ್ಟಲ್‌ಗೆ ಹೋಗಲಿ.

ಚಾಲಕರಾದರೆ ಲೈಸೆನ್ಸ್ ನಂಬರನ್ನು ಎಂ-ಪರಿವಾಹನ್ ಆ್ಯಪ್‌ನಲ್ಲಿ ಹಾಕಿ ನೋಡಿ. ನಂಬರಿನ ಆರಂಭ ಲೈಸೆನ್ಸ್ ಕೊಟ್ಟ ಕಚೇರಿಯನ್ನು ತೋರಿಸುತ್ತದೆ: ಕೆಎ-32 ಕಲಬುರಗಿ, ಕೆಎ-33 ಯಾದಗಿರಿ, ಕೆಎ-38 ಬೀದರ್. ಅವಧಿ ಮುಗಿದಿದೆಯೇ, ಯಾವ ವಾಹನ ಓಡಿಸಲು ಅನುಮತಿ ಇದೆ ಎಂಬುದೂ ಅಲ್ಲೇ ಕಾಣುತ್ತದೆ.

ವಯಸ್ಸಿನಲ್ಲಿ ಅವಸರ ಬೇಡ

ಆಧಾರ್‌ನಲ್ಲಿರುವ ಜನ್ಮ ದಿನಾಂಕವನ್ನೇ ಪುರಾವೆ ಅಂತ ಹಿಡಿಯಬೇಡಿ. ಎಷ್ಟೋ ಜನರ ಕಾರ್ಡಿನಲ್ಲಿ ಜನವರಿ 1 ಅಂತಲೇ ಇರುತ್ತದೆ. ನೋಂದಣಿ ವೇಳೆ ಅಂದಾಜು ವಯಸ್ಸು ಹೇಳಿದ್ದರ ಫಲ ಅದು. ಭವಿಷ್ಯ ನಿಧಿ ಸಂಸ್ಥೆ 2024ರ ಜನವರಿಯಲ್ಲಿ ಜನ್ಮ ದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಟ್ಟಿತು. ಅದೇ ವರ್ಷ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ಕೂಡ ಆಧಾರ್‌ಗಿಂತ ಶಾಲಾ ದಾಖಲೆಯ ದಿನಾಂಕಕ್ಕೆ ಮನ್ನಣೆ ಕೊಟ್ಟಿತು. ಹಾಗಾಗಿ ಟಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಜನನ ಪ್ರಮಾಣಪತ್ರ ಕೇಳಿ.

14 ತುಂಬದವರನ್ನು ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. 14ರಿಂದ 18ರ ಒಳಗಿನವರನ್ನು ಗಣಿ, ಸ್ಫೋಟಕ, ಅಪಾಯಕಾರಿ ಪ್ರಕ್ರಿಯೆಗಳ ಕೆಲಸಕ್ಕೆ ಹಚ್ಚುವಂತಿಲ್ಲ. ತಪ್ಪಿದರೆ 6 ತಿಂಗಳಿಂದ 2 ವರ್ಷದವರೆಗೆ ಜೈಲು, 20 ಸಾವಿರದಿಂದ 50 ಸಾವಿರ ರೂಪಾಯಿ ದಂಡ, ಅಥವಾ ಎರಡೂ. ‘ಅವರಪ್ಪನೇ ಕರ್ಕೊಂಡು ಬಂದಿದ್ದ’ ಎಂಬ ಮಾತು ಮಾಲೀಕರನ್ನು ಉಳಿಸುವುದಿಲ್ಲ. ವಯಸ್ಸಿನ ಬಗ್ಗೆ ಅನುಮಾನ ಇದ್ದರೆ ಕೆಲಸಕ್ಕೆ ಸೇರಿಸಿಕೊಳ್ಳಬೇಡಿ. ಮಗುವಿಗೆ ಸಹಾಯ ಬೇಕು ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ದಾಖಲೆ ತಾಳೆಯಾಗದಿದ್ದರೆ

ನಮ್ಮ ಭಾಗದಲ್ಲಿ ಜಾಸ್ತಿ ಗೊಂದಲ ಆಗುವುದು ಇಲ್ಲೇ. ಒಂದು ಕಾಗದದಲ್ಲಿ ಯಾದಗಿರಿ ಜಿಲ್ಲೆ, ಇನ್ನೊಂದರಲ್ಲಿ ಗುಲ್ಬರ್ಗಾ ಜಿಲ್ಲೆ ಅಂತಿದ್ದರೆ ಅದು ಮೋಸ ಅಲ್ಲ. ಯಾದಗಿರಿ ಜಿಲ್ಲೆ ಆಗಿದ್ದೇ 2009ರ ಡಿಸೆಂಬರ್ 30ರಂದು. ಗುಲ್ಬರ್ಗಾ ಹೆಸರು ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು. ಹುಣಸಗಿಯವರ ಹಳೆಯ ದಾಖಲೆಯಲ್ಲಿ ಸುರಪುರ ತಾಲ್ಲೂಕು ಇರುತ್ತದೆ, ಯಡ್ರಾಮಿಯವರದ್ದರಲ್ಲಿ ಜೇವರ್ಗಿ, ಚಿಟಗುಪ್ಪದವರದ್ದರಲ್ಲಿ ಹುಮನಾಬಾದ್. ಗಡಿಯಾಚೆ ನಾರಾಯಣಪೇಟೆಯಿಂದ ಬಂದವರ ಹಳೆಯ ಕಾಗದದಲ್ಲಿ ಮೆಹಬೂಬನಗರ ಜಿಲ್ಲೆ, ಆಂಧ್ರಪ್ರದೇಶ ಅಂತಿರುತ್ತದೆ. ಆಗ ತೆಲಂಗಾಣ ಎಲ್ಲಿತ್ತು? ಇಂಥವರನ್ನು ‘ದಾಖಲೆ ಸರಿಯಿಲ್ಲ’ ಅಂತ ವಾಪಸ್ ಕಳಿಸುವುದು ಅನ್ಯಾಯ.

ಹೆಸರಿನದ್ದು ಇನ್ನೊಂದು ಪಾಡು. ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಕೂಡಿದ ಸೀಮೆ ನಮ್ಮದು. ಒಂದೇ ಹೆಸರನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತರು ಒಂದೊಂದು ರೀತಿ ಬರೆದಿರುತ್ತಾರೆ. ಹೆಣ್ಣುಮಕ್ಕಳ ಒಂದು ದಾಖಲೆಯಲ್ಲಿ ತಂದೆ ಹೆಸರು, ಇನ್ನೊಂದರಲ್ಲಿ ಗಂಡನ ಹೆಸರು. ಸೇರುವ ದಿನವೇ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪ್ಯಾನ್ ಮೂರನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಪಿಎಫ್ ವ್ಯವಸ್ಥೆ ಆಧಾರ್‌ಗೇ ತಾಳೆ ನೋಡುವುದರಿಂದ, ಆಧಾರ್‌ನಲ್ಲೇ ತಪ್ಪಿದ್ದರೆ ಮೊದಲು ಅದನ್ನು ಸರಿಪಡಿಸಲು ಅರ್ಧ ದಿನ ರಜೆ ಕೊಟ್ಟು ಕಳಿಸಿ. ಆ ದಿನದ ಪಗಾರ ಕಡಿಯಬೇಡಿ. ಪಿಎಫ್ ಖಾತೆಯಲ್ಲೇ ತಪ್ಪು ಸೇರಿದ್ದರೆ, 2025ರ ಜನವರಿಯಿಂದ ಎಷ್ಟೋ ತಿದ್ದುಪಡಿಗಳನ್ನು ಕೆಲಸಗಾರರೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಬಹುದು. ಹಳೆಯ ಖಾತೆಗಳಿಗೆ ಮಾತ್ರ ಮಾಲೀಕರು, ಕೆಲಸಗಾರರು ಕೂಡಿ ಜಂಟಿ ಘೋಷಣೆ ಸಲ್ಲಿಸಬೇಕಾಗಬಹುದು.

ಪಿಎಫ್, ಇಎಸ್‌ಐ

20 ಜನ ಇದ್ದರೆ ಪಿಎಫ್, 10 ಜನ ಇದ್ದರೆ ಇಎಸ್‌ಐ ಅನ್ವಯಿಸುತ್ತದೆ. ಇಎಸ್‌ಐಗೆ ತಿಂಗಳ ಪಗಾರದ ಮಿತಿ 21,000 ರೂಪಾಯಿ. ಮೊದಲು ಎಲ್ಲಾದರೂ ಕೆಲಸ ಮಾಡಿದ್ದರಾ ಅಂತ ಕೇಳಿ. ಪುಣೆ, ಹೈದರಾಬಾದ್, ಬೆಂಗಳೂರಿಗೆ ಹೋಗಿಬಂದವರಿಗೆ ಹಳೆಯ ಯುಎಎನ್ (ಕೆಲಸ ಬದಲಾದರೂ ಬದಲಾಗದ ಪಿಎಫ್ ಖಾತೆ ನಂಬರ್) ಇರಬಹುದು. ಅದನ್ನೇ ಮುಂದುವರಿಸಿ. ಹೊಸದು ಬೇಕಾದರೆ, 2025ರ ಆಗಸ್ಟ್‌ನಿಂದ ಕೇಂದ್ರ ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಮುಖ ದೃಢೀಕರಣ ಮಾಡಿ ಪಡೆಯುವ ವ್ಯವಸ್ಥೆ ಬಂದಿದೆ. ನಾಮಿನಿ ಹೆಸರನ್ನೂ ಆಗಲೇ ತುಂಬಿಸಿ. ಕೆಲಸದಲ್ಲಿರುವಾಗ ಸದಸ್ಯರು ತೀರಿಕೊಂಡರೆ ಪಿಎಫ್ ಜೊತೆಗಿನ ವಿಮೆಯಲ್ಲಿ ಕುಟುಂಬಕ್ಕೆ 7 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹೆಸರಿನ ಒಂದು ಅಕ್ಷರಕ್ಕಾಗಿ ಆ ಹೆಂಡತಿ ಮಕ್ಕಳು ಕಚೇರಿ ಅಲೆಯಬಾರದು, ಅಲ್ವಾ?

ಅಸಲು ದಾಖಲೆ ಇಟ್ಟುಕೊಳ್ಳಬೇಡಿ

ನೋಡಿದ ಕೂಡಲೇ ಅಸಲು ದಾಖಲೆಗಳನ್ನು ಕೈಗೆ ವಾಪಸ್ ಕೊಡಿ. ಮುಂಗಡ ಕೊಟ್ಟಿದ್ದೇವೆ, ತೀರುವವರೆಗೆ ಕಾರ್ಡು ನಮ್ಮಲ್ಲಿರಲಿ ಅನ್ನುವ ರೂಢಿ ಕೆಲವು ಕಡೆ ಇದೆ. ಸಾಲದ ನೆಪದಲ್ಲಿ ಕೆಲಸಗಾರರನ್ನು ಹಿಡಿದಿಡುವುದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. 3 ವರ್ಷದವರೆಗೆ ಜೈಲು ಶಿಕ್ಷೆ ಇದೆ.

ಗುತ್ತೇದಾರರ ಮೂಲಕ ಬಂದವರ ದಾಖಲೆಯನ್ನೂ ನೀವೇ ನೋಡಿ. ಗುತ್ತೇದಾರರು ಪಿಎಫ್ ಕಟ್ಟದಿದ್ದರೆ ಆ ಹೊಣೆ ಮುಖ್ಯ ಮಾಲೀಕರ ಮೇಲೆಯೇ ಬರುತ್ತದೆ. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳ ಪ್ರಕಾರ ನೇಮಕಾತಿ ಪತ್ರವನ್ನೂ ಕೊಡಬೇಕು. ಪತ್ರದಲ್ಲಿ ಆಧಾರ್‌ನಲ್ಲಿರುವ ಹಾಗೆಯೇ ಹೆಸರು ಬರೆಯಿರಿ. ಅವರು ಕೆಲಸ ಬಿಟ್ಟು ಹೋದಾಗ ಬಿಟ್ಟ ದಿನಾಂಕವನ್ನು ಪಿಎಫ್ ಪೋರ್ಟಲ್‌ನಲ್ಲಿ ತಪ್ಪದೆ ತುಂಬಿ. ಅದು ಖಾಲಿ ಉಳಿದರೆ ಅವರ ಹಣ ಮುಂದಿನ ಕೆಲಸದ ಖಾತೆಗೆ ಹೋಗದೆ ಅಲ್ಲೇ ನಿಲ್ಲಬಹುದು.