ಬಾಟಲಿ ಮನೆಗೆ ಕೊಡಬೇಡಿ: ಪುಣೆಯ ಶೆಡ್ಡುಗಳಲ್ಲಿ ಐರನ್ ಸಿರಪ್

ಪುಣೆಯ ಕಟ್ಟಡದ ಸೈಟುಗಳಲ್ಲಿ ಯಾದಗಿರಿ, ಕಲಬುರಗಿ ಮಂದಿಯ ಪತ್ರಾ ಶೆಡ್ಡುಗಳಿವೆ. ಅಲ್ಲಿನ ಕೂಸುಗಳಿಗೆ ರಕ್ತಹೀನತೆ ಬರದಂತೆ ಐರನ್ ಸಿರಪ್ ಕುಡಿಸುವುದು ನಮ್ಮ ಕೆಲಸ. ‘ಇವತ್ತು ಇದ್ದವರು ನಾಳೆ ಇರಂಗಿಲ್ಲ, ಅಲ್ಲೇನು ಸಿರಪ್ ಕುಡಿಸ್ತೀರಿ’ ಅಂದವರೇ ಈಗ ನಮ್ಮ ಡೋಸಿನ ರಿಜಿಸ್ಟರ್ ನೋಡಲು ಕೇಳುತ್ತಾರೆ.

ಬಾಟಲಿ ತಾಯಂದಿರ ಕೈಗೆ ಕೊಟ್ಟ ಕಡೆಯೆಲ್ಲ ಕೆಟ್ಟಿತು. ವಾರಕ್ಕೆರಡು ಸಲ 1 ಮಿ.ಲೀ. ಎಂದರೆ 50 ಮಿ.ಲೀ. ಬಾಟಲಿ ಹತ್ತಿರ ಹತ್ತಿರ ಆರು ತಿಂಗಳು ಬರಬೇಕು. ಹಲವರು ಮುಚ್ಚಳವನ್ನೇ ತೆಗೆದಿರಲಿಲ್ಲ, ಕೆಲವರದು ತಿಂಗಳಲ್ಲೇ ಖಾಲಿ. ಭಯ ಈ ಎರಡನೆಯದಕ್ಕೇ; ಐರನ್ ಮಿತಿ ಮೀರಿದರೆ ಕೂಸಿಗೆ ವಿಷ. ಈಗ ಬಾಟಲಿಗಳು ಮುಕಾದಮನ (ಕೂಲಿಯವರ ಮೇಸ್ತ್ರಿಯ) ಖೋಲಿಯಲ್ಲಿ, ಬೀಗದೊಳಗೆ. ಮಂಗಳವಾರ, ಶುಕ್ರವಾರ ಸಂಜೆ ನಮ್ಮ ಕಣ್ಣೆದುರೇ ಡೋಸು. ಊರ ಜಾತ್ರೆಗೆ ಹೊರಟವರಿಗಷ್ಟೇ ಬಾಟಲಿ, ಜೊತೆಗೆ ದಿನ ಗುರುತು ಹಾಕಿದ ಕಾರ್ಡು.

ಒಂದೊಂದೇ ಮಿ.ಲೀ. ಬಿಡುವ ಬಾಟಲಿಯ ತುದಿಗೆ ಸಕ್ಕರೆ ಗಟ್ಟಿಯಾಗಿ ಅಳತೆ ತಪ್ಪುತ್ತದೆ. ಸೂಜಿಯಿಲ್ಲದ 2 ಮಿ.ಲೀ. ಸಿರಿಂಜ್ ವಾಸಿ, ಐದಾರು ರೂಪಾಯಿ, ಕೂಸಿಗೊಂದು. ಕೆನ್ನೆಯ ಒಳಗೆ ಹಿಂದಕ್ಕೆ ನಿಧಾನ ಬಿಟ್ಟು, ಮೇಲೆ ನೀರು ಕುಡಿಸಿದರೆ ಹಲ್ಲು ಕಪ್ಪಾಗುವುದು ಕಡಿಮೆ. ಉಂಡು ಒಂದು ತಾಸಿನ ಮೇಲೆ ಕೊಟ್ಟರೆ ವಾಂತಿ ಕಡಿಮೆ. ಹಾಲು, ಚಹಾ ಹತ್ತಿರ ಬರಕೂಡದು. ಲಿಂಬೆ ಶರಬತ್ತು ನಡೆಯುತ್ತದೆ.

‘ಅಕ್ಕೋರೆ, ಕೂಸಿನ ಮಲ ಕರ್ರಗಾಗ್ಯಾದ’ ಎಂಬ ಮಾತು ಬಂದೇ ಬರುತ್ತದೆ. ಅದು ಐರನ್‌ನಿಂದ ಆಗುವುದು, ಹೆದರಬೇಕಿಲ್ಲ ಎಂದು ಮೊದಲ ಡೋಸಿಗೂ ಮುಂಚೆ ನೀವೇ ಹೇಳಿಬಿಡಿ; ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ.

ಸಿರಪ್ ಸರ್ಕಾರದ್ದು, ಪುಕ್ಕಟೆ. ದುಡ್ಡು ನುಂಗುವುದು ರಕ್ತದ ಹಿಮೋಗ್ಲೋಬಿನ್ ಅಳೆಯುವ ಸ್ಟ್ರಿಪ್: ಒಂದಕ್ಕೆ 50 ರೂಪಾಯಿ ಆಸುಪಾಸು, ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಅಷ್ಟೂ ಹಾಳು. ಬೆರಳು ಹಿಂಡಿದರೆ ರಕ್ತ ನೀರಾಗಿ ಅಂಕಿ ತಪ್ಪುತ್ತದೆ. ಮೊದಲ ಹನಿ ಒರೆಸಿ, ತಾನಾಗಿ ಬಂದದ್ದನ್ನು ಹಿಡಿಯಿರಿ. ಹೊತ್ತು ಹಿಡಿದರೂ ಬೆರಳು ಬೆಚ್ಚಗೆ ಮಾಡಿಯೇ ಚುಚ್ಚಿ.

ಹಿಮೋಗ್ಲೋಬಿನ್ (ಡೆಸಿಲೀಟರ್ ರಕ್ತಕ್ಕೆ) 11 ಗ್ರಾಂಗಿಂತ ಕಡಿಮೆ ಇದ್ದರೆ ವಾರಕ್ಕೆರಡು ಸಾಲದು. ವೈದ್ಯರು ದಿನಾಲೂ ತೂಕದ ಕೆ.ಜಿ.ಗೆ 3 ಮಿ.ಗ್ರಾಂ. ಐರನ್ ಲೆಕ್ಕದಲ್ಲಿ ಎರಡು ತಿಂಗಳಿಗೆ ಬರೆಯುತ್ತಾರೆ. ಸಿರಪ್ಪಿನ ಮಿ.ಲೀ.ಗೆ 20 ಮಿ.ಗ್ರಾಂ. ಇರುವುದರಿಂದ 10 ಕೆ.ಜಿ. ಕೂಸಿಗೆ ಒಂದೂವರೆ ಮಿ.ಲೀ. ತಿಂಗಳಲ್ಲಿ 1 ಗ್ರಾಂ ಕೂಡ ಏರದಿದ್ದರೆ ಡೋಸು ಹೆಚ್ಚಿಸಬೇಡಿ, ಆಸ್ಪತ್ರೆಗೆ ಕಳಿಸಿ, ಥಲಸ್ಸೇಮಿಯಾ (ಹುಟ್ಟಿನಿಂದ ಬರುವ ರಕ್ತದ ಕಾಯಿಲೆ) ಇರಬಹುದು. 7ರ ಕೆಳಗಿದ್ದರಂತೂ ಅವತ್ತೇ. ಜ್ವರ, ಭೇದಿ ಇದ್ದಾಗ, ತೀವ್ರ ಅಪೌಷ್ಟಿಕತೆಯ ಕೂಸುಗಳಿಗೆ ಸಿರಪ್ ಬೇಡ. ಜಂತಿನ ಗುಳಿಗೆ (ಅಲ್ಬೆಂಡಜೋಲ್) ತಪ್ಪಿಸಬೇಡಿ: ಒಂದರಿಂದ ಎರಡು ವರ್ಷದವರಿಗೆ ಅರ್ಧ, 200 ಮಿ.ಗ್ರಾಂ.

ನಡುವೆ ಊಟಕ್ಕೆ ಬೆರೆಸುವ ಐರನ್ ಪುಡಿಯನ್ನೂ ನೋಡಿದೆವು. ಬಿಸಿ ಗಂಜಿಗೆ ಹಾಕಿದರೆ ಬಣ್ಣ ತಿರುಗಿ ವಾಸನೆ ಬರುತ್ತದೆ, ಕೂಸು ಉಗುಳುತ್ತದೆ. ಆರಿದ ಅನ್ನದಲ್ಲಿ ಪರವಾಗಿಲ್ಲ, ಆದರೆ ಅಕ್ಕನ ಪಾಲು ತಮ್ಮ ತಿಂದ ಎಂಬ ಲೆಕ್ಕ ಯಾರು ಇಡುತ್ತಾರೆ?