ಡಿಸ್‌ಪ್ಲೇ ಟೈಮಿಂಗ್ ಕೋಡ್‌ಗೆ ಕತ್ತರಿ ಹಾಕಿದ್ದು

ಬೆಂಗಳೂರಿನಲ್ಲಿ ಲಿನಕ್ಸ್ ಗ್ರಾಫಿಕ್ಸ್ ಡ್ರೈವರ್ ಬರೆಯುವುದು ನನ್ನ ಕೆಲಸ. ನಮ್ಮ ಟೀಮಿನ ಕೈಗೆ ಬಂದ ಒಂದು ಹಳೆಯ ಡ್ರೈವರ್‌ನಲ್ಲಿ ಟೈಮಿಂಗ್ ಲೆಕ್ಕ, ಅಂದರೆ ಪರದೆಗೆ ಪಿಕ್ಸೆಲ್ ಯಾವ ಹೊತ್ತಿಗೆ ಹೋಗಬೇಕೆಂಬ ಲೆಕ್ಕ, ಎರಡು ಕಡೆ ಇತ್ತು. ಹೊರಗಿನ ಮಾನಿಟರ್‌ನ ಎಚ್‌ಡಿಎಂಐಗೆ ಒಂದು, ಸಾಧನದೊಳಗಿನ ಡಿಎಸ್‌ಐ ಪ್ಯಾನೆಲ್‌ಗೆ ಇನ್ನೊಂದು. ಎರಡೂ ಹೆಚ್ಚುಕಡಿಮೆ ಒಂದೇ. ತಲೆನೋವು ಇದ್ದದ್ದು ಆ ಹೆಚ್ಚುಕಡಿಮೆಯಲ್ಲೇ.

1080ಪಿ, 60 ಹರ್ಟ್ಸ್ ತೆಗೆದುಕೊಳ್ಳಿ. ಪರದೆಯಲ್ಲಿ ಕಾಣುವುದು ಗೆರೆಗೆ 1920 ಪಿಕ್ಸೆಲ್. ಆದರೆ ಗೆರೆಯ ಪೂರ್ತಿ ಉದ್ದ 2200. ಮಿಕ್ಕ 280 ಕಾಣದ ಬಿಡುವು. ಅದರಲ್ಲಿ ಹೊಸ ಗೆರೆಯ ಸೂಚನೆ ಕೊಡುವ ಸಿಂಕ್ 44, ಅದರ ಮೊದಲಿನ ಬಿಡುವಾದ ಫ್ರಂಟ್ ಪೋರ್ಚ್ 88, ನಂತರದ ಬಿಡುವಾದ ಬ್ಯಾಕ್ ಪೋರ್ಚ್ 148. ಗೆರೆಗಳೂ ಅಷ್ಟೇ, ಕಾಣುವುದು 1080, ಒಟ್ಟು 1125. 2200, 1125, 60 ಮೂರನ್ನೂ ಗುಣಿಸಿದರೆ ಪಿಕ್ಸೆಲ್ ಕ್ಲಾಕ್, ಅಂದರೆ ಸೆಕೆಂಡಿಗೆ ಎಷ್ಟು ಪಿಕ್ಸೆಲ್ ಎಂಬುದು, 148.5 ಮೆಗಾಹರ್ಟ್ಸ್ ಬರುತ್ತದೆ.

ಲಿನಕ್ಸ್ ಕರ್ನಲ್‌ನಲ್ಲಿ ಡಿಸ್‌ಪ್ಲೇ ನೋಡಿಕೊಳ್ಳುವ ಭಾಗವಾದ ಡಿಆರ್‌ಎಂ ಪೋರ್ಚ್‌ಗಳನ್ನು ಇಟ್ಟುಕೊಳ್ಳುವುದಿಲ್ಲ, ಗೆರೆಯ ಪ್ರತಿ ಭಾಗ ಮುಗಿಯುವ ಜಾಗಗಳನ್ನು ಇಟ್ಟುಕೊಳ್ಳುತ್ತದೆ: 1920, 2008, 2052, 2200. ನಮ್ಮ ಡ್ರೈವರ್ ಇವನ್ನು ಕಳೆದು ಪೋರ್ಚ್ ಮಾಡಿ ತನ್ನದೇ ಸ್ಟ್ರಕ್ಚರ್‌ಗೆ ತುಂಬುತ್ತಿತ್ತು. ಚಿಪ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಖಾನೆಗೆ, ಅಂದರೆ ರಿಜಿಸ್ಟರ್‌ಗೆ, ಬೇಕಿದ್ದದ್ದು ಸೇರಿಸಿದ ಮೊತ್ತ. ಹಾಗಾಗಿ ಮುಂದೆ ಹೋಗಿ ಮತ್ತೆ ಕೂಡುತ್ತಿತ್ತು! ಸಾಲದ್ದಕ್ಕೆ ಹಾರ್ಡ್‌ವೇರ್ ಎಲ್ಲದರಲ್ಲೂ ಒಂದು ಕಡಿಮೆ ಕೇಳುತ್ತದೆ, 2200ರ ಬದಲು 2199. ಆ ಒಂದನ್ನು ಕೋಡ್‌ನ ಒಂದು ಕಾಪಿ ಲೆಕ್ಕದಲ್ಲೇ ಕಳೆದರೆ, ಇನ್ನೊಂದು ಕಾಪಿ ರಿಜಿಸ್ಟರ್‌ಗೆ ಬರೆಯುವಾಗ ಕಳೆಯುತ್ತಿತ್ತು.

ಕೋಡ್ ಮುಟ್ಟುವ ಮೊದಲು ಪ್ರತಿ ಮೋಡ್ ಹಾಕಿ ರಿಜಿಸ್ಟರ್ ಡಂಪ್, ಅಂದರೆ ಎಲ್ಲ ರಿಜಿಸ್ಟರ್‌ಗಳಲ್ಲಿರುವ ಅಂಕಿಗಳ ಪಟ್ಟಿ, ತೆಗೆದಿಟ್ಟೆ. ಇಂಟರ್‌ಲೇಸ್ (ಗೆರೆ ಬಿಟ್ಟು ಗೆರೆ ಕಳಿಸುವ) ಮೋಡ್ ತೆಗೆದುಕೊಳ್ಳುವ ಹಳೇ ಮಾನಿಟರ್ ಆಫೀಸಿನಲ್ಲಿ ಇರಲಿಲ್ಲ, ಎಸ್‌.ಪಿ. ರೋಡ್‌ನಲ್ಲಿ ಹುಡುಕಿ ತಂದೆ. ಆಮೇಲೆ ನಮ್ಮ ಸ್ಟ್ರಕ್ಚರನ್ನೇ ಕಿತ್ತು ಹಾಕಿ, ಡಿಆರ್‌ಎಂ ಕೊಡುವ ಜಾಗಗಳನ್ನೇ ನೇರವಾಗಿ ಬಳಸಿದೆ. ಒಂದು ಕಳೆಯುವುದು ರಿಜಿಸ್ಟರ್‌ಗೆ ಬರೆಯುವ ಫಂಕ್ಷನ್‌ನಲ್ಲಿ ಮಾತ್ರ. ಬದಲಾವಣೆಯನ್ನು ಚಿಕ್ಕ ಚಿಕ್ಕ ಪ್ಯಾಚ್‌ಗಳಾಗಿ ಒಡೆದೆ. ಪ್ರತಿಯೊಂದರ ನಂತರ ಹೊಸ ಡಂಪ್, ಹಳೆಯದರ ಜೊತೆ ಹೋಲಿಸಿ ವ್ಯತ್ಯಾಸ ತೋರಿಸುವ ಡಿಫ್. ಒಂದು ಬಿಟ್ ಬದಲಾದರೂ ಪ್ಯಾಚ್ ಕಳಿಸುವ ಹಾಗಿಲ್ಲ.

ಡಿಎಸ್‌ಐ ಕಡೆ ಡಿಫ್ ಖಾಲಿ ಬರಲಿಲ್ಲ. ಡೇಟಾಶೀಟ್ ತೆಗೆದು ನೋಡಿದರೆ, ಅಲ್ಲಿ ಎಣಿಕೆ ಶುರುವಾಗುವುದೇ ಸಿಂಕ್‌ನಿಂದ. ಬ್ಯಾಕ್ ಪೋರ್ಚ್ ರಿಜಿಸ್ಟರ್‌ನಲ್ಲಿ ಸಿಂಕ್ ಕೂಡ ಸೇರಿರುತ್ತದೆ. ಎಸ್‌ಟಿಎಂ32 ಚಿಪ್‌ಗಳ ಡಿಸ್‌ಪ್ಲೇ ಕಂಟ್ರೋಲರ್‌ನಲ್ಲೂ ಹೀಗೇ. ಅಂದರೆ 1080ಪಿಗೆ 148ರಲ್ಲಿ ಒಂದು ಕಳೆದ 147 ಅಲ್ಲ, 44 ಮತ್ತು 148 ಕೂಡಿ ಒಂದು ಕಳೆದ 191. ಈ ವ್ಯತ್ಯಾಸ ನಿಜವಾದದ್ದು, ಅಳಿಸುವಂಥದ್ದಲ್ಲ. ಅದನ್ನು ಚಿಕ್ಕ ಫಂಕ್ಷನ್ ಮಾಡಿ, ಮೇಲೊಂದು ಕಾಮೆಂಟ್ ಬರೆದೆ.

ಇಂಟರ್‌ಲೇಸ್‌ಗೆ ಗೆರೆಗಳ ಲೆಕ್ಕವನ್ನು ನಾವೇ ಅರ್ಧ ಮಾಡುತ್ತಿದ್ದ ಕೋಡ್ ಕೂಡ ಹೋಯಿತು. ಕೇಳಿದರೆ ಡಿಆರ್‌ಎಂ ತಾನೇ ಮಾಡಿಕೊಡುತ್ತದೆ ಅಲ್ವಾ? 1125ರ ಅರ್ಧ 562 ಎಂದು ಬರುತ್ತದೆ, ಬಿಟ್ಟುಹೋದ ಅರ್ಧ ಗೆರೆಯನ್ನು ನಮ್ಮ ಚಿಪ್ ತಾನೇ ಸೇರಿಸಿಕೊಳ್ಳುತ್ತದೆ.

"ಸರ್, 59.94 ಹರ್ಟ್ಸ್ ಕೋಡ್ ಕೂಡ ಹೀಗೇ ಸಣ್ಣದು ಮಾಡೋಣವಾ?" ಎಂದು ಜೂನಿಯರ್ ಕೇಳಿದ. ಬೇಡ ಎಂದೆ. ಅಲ್ಲಿ ಕ್ಲಾಕ್ 148.352 ಮೆಗಾಹರ್ಟ್ಸ್, ಪೋರ್ಚ್‌ಗಳು ಬದಲಾಗುವುದೇ ಇಲ್ಲ. ಅದು ಕ್ಲಾಕ್ ತಯಾರಿಸುವ ಸರ್ಕ್ಯೂಟ್ ಆದ ಪಿಎಲ್‌ಎಲ್‌ನ ಲೆಕ್ಕ, ಬೇರೆ ಪ್ಯಾಚ್ ಸರಣಿಗೆ ಬರಲಿ.